ಹಿಮ್ಮೇಳ ಕಟ್ಟುವವನ ವಿದ್ಯೆ

ವಚನ ಗಾಯನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಸ್ಥಾಪಿಸಿದರು. ಅವರ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ, ಕರ್ನಾಟಕಿ ಎರಡನ್ನೂ ಕಲಿತು ಗದುಗಿನ ಗುರುಕುಲ ಕಟ್ಟಿದರು. 1923ರಲ್ಲಿ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾಗಿ ವಚನಗಳು ಓದುಗರ ಕೈಗೆ ಸಿಕ್ಕವು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನಸೂರ ಅವುಗಳಿಗೆ ರಾಗದ ಬಟ್ಟೆ ತೊಡಿಸಿದರು. 1950ರಲ್ಲಿ ಧಾರವಾಡದ ಆಕಾಶವಾಣಿ ಶುರುವಾದ ಮೇಲೆ ಅವರ ದನಿ ಹಳ್ಳಿಹಳ್ಳಿಗೆ ಮುಟ್ಟಿತು. ಹೀಗೆ ವಚನ ಮತ್ತೆ ಜನರ ಪಾಲಾಯಿತು ಎಂದು ಅಧ್ಯಾಯ ಮುಗಿಯುತ್ತದೆ. ಇದರಲ್ಲಿ ಬರುವ ಸಂಗತಿಗಳೆಲ್ಲ ನಿಜ, ತಕರಾರಿರುವುದು ಕೊನೆಯ ತೀರ್ಮಾನದ ಬಗ್ಗೆ. ವಚನವನ್ನು ಕೇಳುವ ಮಂದಿ ಹೆಚ್ಚಿದರು, ಖರೆ. ಅದನ್ನು ಕೂಡಿ ಹಾಡುವ ಮಂದಿ ಹೆಚ್ಚಿದರೆಂಬುದಕ್ಕೆ ಈ ಚರಿತ್ರೆಯಲ್ಲಿ ಯಾವ ಸಾಕ್ಷಿಯೂ ಇಲ್ಲ. ಕೂಡಿ ಹಾಡುವ ರೂಢಿಯನ್ನು ಕಾಯ್ದುಕೊಂಡು ಬಂದವನು ಬೇರೆಯೇ ಒಬ್ಬ. ಅವನು ಸೋಮವಾರ, ಅಮಾವಾಸ್ಯೆ, ಶ್ರಾವಣದ ರಾತ್ರಿಗಳಲ್ಲಿ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಪೇಟಿಯ ಪಕ್ಕ ಕೂತು ಮುಂದೆ ಹಾಡುವವನು. ಸಂಗೀತ ವಿಮರ್ಶೆಯಲ್ಲಿ ಅವನಿಗೆ ಹೆಸರಿಲ್ಲ. ಇದ್ದರೆ, ಗವಾಯಿ ಆಗಲಾರದೆ ಉಳಿದವನು ಎಂಬ ಲೆಕ್ಕದಲ್ಲಿ ಇದೆ.

ದೇವರ ಮುಂದೆ ಹಾಡುವವರಿಗೆ ಈ ಸೀಮೆಯಲ್ಲಿ ಹಳೆಯ ಚರಿತ್ರೆಯಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಒಂದು ಶಾಸನ, ಚಾಲುಕ್ಯ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ದತ್ತಿ, ಕಟ್ಟಳೆಗಳನ್ನು ಅವನ ಸೊಸೆ, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಮತ್ತೆ ಖಾಯಂ ಮಾಡಿದ್ದನ್ನು ಹೇಳುತ್ತದೆ. ಅದು ಎಂಟನೆಯ ಶತಮಾನದ ಮಾತು. ತಂಜಾವೂರಿನಲ್ಲಿ ರಾಜರಾಜ ಚೋಳ ತೇವಾರ ಹಾಡಲಿಕ್ಕೆ 48 ಮಂದಿಯನ್ನೂ ಅವರಿಗೆ ವಾದ್ಯ ನುಡಿಸಲಿಕ್ಕೆ ಇಬ್ಬರನ್ನೂ ನೇಮಿಸಿ ದಿನದ ಭತ್ತ ಗೊತ್ತುಮಾಡಿದ್ದು ಇನ್ನೂ ಮುಂದೆ, ಹನ್ನೊಂದನೆಯ ಶತಮಾನದ ಆರಂಭದಲ್ಲಿ. ಎರಡೂ ಕಡೆ ಹಾಡುವವರು ಸಂಬಳದವರು. ದೇವರಿಗೆ ಸಲ್ಲಬೇಕಾದ ಹಾಡನ್ನು ಅರಸನ ಪರವಾಗಿ, ಊರಿನ ಪರವಾಗಿ ಸಲ್ಲಿಸುವುದು ಅವರ ಕೆಲಸ. ಊರವರು ಬಾಯಿ ತೆರೆಯಬೇಕಾದ ಅಗತ್ಯವೇ ಅಲ್ಲಿಲ್ಲ. ಶರಣರ ಕಾಲಕ್ಕೆ ಈ ಏರ್ಪಾಡು ಅಲುಗಾಡಿತು. ಕಿನ್ನರಿ ಬ್ರಹ್ಮಯ್ಯನಂಥವರು ಗುಡಿಯ ದತ್ತಿ ಉಂಡು ಹಾಡಿದವರಲ್ಲ. ಪಲ್ಲವಿಯುಳ್ಳ ಸ್ವರವಚನಗಳೂ ಗದ್ಯದ ವಚನಗಳ ಜೊತೆಜೊತೆಗೇ ಹುಟ್ಟಿದವು. ಮುಂದೆ ನಿಜಗುಣರ ಕೈವಲ್ಯ ಪದಗಳು, ಬಾಗಲಕೋಟೆಯ ಪ್ರಸನ್ನವೆಂಕಟದಾಸರ ಕೀರ್ತನೆಗಳು, ಷರೀಫರ ಮತ್ತು ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಮೊಹರಮ್ಮಿನ ರಿವಾಯತ್ ಪದಗಳು ಬಂದವು. ಮತ, ಅಂಕಿತ ಏನೇ ಇರಲಿ, ಇವೆಲ್ಲಕ್ಕೂ ಮುಂದೆ ಹಾಡುವವನೊಬ್ಬ, ಹಿಂದೆ ಎತ್ತಿಕೊಳ್ಳುವವರು ನಾಲ್ಕು ಮಂದಿ ಬೇಕೇಬೇಕು.

ಈ ಮುಂದಿನವನ ವಿದ್ಯೆ ಯಾವುದು? ಗಂಟಲು ಚಂದ ಇದ್ದರೆ ಒಳ್ಳೆಯದೇ, ಆದರೆ ಅದೇ ಮುಖ್ಯವಲ್ಲ. ಒಂದು ತತ್ವಪದ ಹೇಗೆ ನಡೆಯುತ್ತದೆಂದು ನೋಡಿದರೆ ತಿಳಿಯುತ್ತದೆ. ಮೊದಲು ತಾಳವಿಲ್ಲದೆ, ಉಸಿರಿನ ಅಳತೆಯಲ್ಲೇ ಒಂದು ವಚನವನ್ನೋ ಶ್ಲೋಕವನ್ನೋ ಅವನು ಒಬ್ಬನೇ ಹೇಳುತ್ತಾನೆ. ಇದು ಪದದ ಪೀಠಿಕೆಯೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ಅದು ಮಾಡುವ ಇನ್ನೊಂದು ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅಷ್ಟು ಹೊತ್ತಿನಲ್ಲಿ ಕೂತವರ ಕಿವಿಗೆ ಶ್ರುತಿ ನಾಟುತ್ತದೆ, ಹರಟೆ ನಿಲ್ಲುತ್ತದೆ, ದಮ್ಮಡಿಯವನು ಚರ್ಮ ಕಾಯಿಸಿಕೊಂಡು ಬಂದು ಕೂರುತ್ತಾನೆ. ಆಮೇಲೆ ಪಲ್ಲ. ಅದನ್ನು ಅವನು ಒಂದು ಸಲ ಪೂರ್ತಿ, ಯಾವ ಕುಸುರಿಯೂ ಇಲ್ಲದೆ, ಅಕ್ಷರ ಬಿಡಿಬಿಡಿಯಾಗಿ ಕೇಳಿಸುವ ಹಾಗೆ ಹಾಡುತ್ತಾನೆ. ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಎರಡನೆಯ ಸಲ ಹಾಡುವಾಗ ಅವನು ಸಾಲನ್ನು ಮುಗಿಸದೆ ಮುಕ್ಕಾಲಿಗೇ ಬಿಟ್ಟುಬಿಡುತ್ತಾನೆ, ಉಳಿದ ಕಾಲು ಭಾಗ ಹಿಮ್ಮೇಳದ ಪಾಲು. ಕಛೇರಿಯ ಕಿವಿಗೆ ಇದು ಉಸಿರು ಸಾಲದ ಹಾಡುಗಾರಿಕೆ ಎನಿಸಬಹುದು. ಸಂಗತಿ ಬೇರೆಯೇ ಇದೆ. ಸಾಲು ಅರ್ಧಕ್ಕೆ ನಿಂತಾಗ, ಪದ ಗೊತ್ತಿದ್ದವನು ಸುಮ್ಮನೆ ಕೂರಲಾರ. ಹಾಡಲಿಕ್ಕೆ ಅಂತ ಬಂದಿರದೆ, ಸುಮ್ಮನೆ ಕಟ್ಟೆಯ ಅಂಚಿಗೆ ಕೂತವನ ಬಾಯಿಂದಲೂ ಆ ಕೊನೆಯ ಮಾತು ಹೊರಡುತ್ತದೆ. ಹಾಗೆ ಒಮ್ಮೆ ಬಾಯಿ ಬಿಟ್ಟವನು ಮುಂದಿನ ಸುತ್ತಿಗೆ ಹಿಮ್ಮೇಳದವನೇ ಆಗಿಬಿಟ್ಟಿರುತ್ತಾನೆ.

ಇದಕ್ಕಿಂತ ನಾಜೂಕಾದದ್ದು ನುಡಿಯಿಂದ ಪಲ್ಲಕ್ಕೆ ಮರಳುವ ಜಾಗ. ನುಡಿಯ ಸಾಲುಗಳು ಎಲ್ಲರಿಗೂ ಬಾಯಿಪಾಠ ಇರುವುದಿಲ್ಲ. ಆದ್ದರಿಂದ ಮುಂದಿನವನು ಒಂದು ಸಾಲು ಕೊಡುತ್ತಾನೆ, ಹಿಂದಿನವರು ತಿರುಗಿ ಹೇಳುತ್ತಾರೆ, ಅವರು ಆ ಸಾಲಿನ ಕೊನೆಯ ಅಕ್ಷರದ ಮೇಲೆ ಇರುವಾಗಲೇ ಅವನು ಮುಂದಿನ ಸಾಲನ್ನು ಎತ್ತಿರುತ್ತಾನೆ. ಎರಡು ದನಿ ಅಲ್ಲಿ ಒಂದರ ಮೇಲೊಂದು ಹಾಯುತ್ತವೆ. ನಡುವೆ ಕಂಡಿ ಬಿಟ್ಟರೆ ತಾಳ ಸಡಿಲಾಗುತ್ತದೆ, ಕೂತವರ ಲಕ್ಷ್ಯವೂ ಸಡಿಲಾಗುತ್ತದೆ. ತೀರ ಬೇಗ ಎತ್ತಿದರೆ ಹಿಂದಿನವರ ಸಾಲು ಸತ್ತುಹೋಗುತ್ತದೆ, ಎರಡು ಸಲ ಹೀಗಾದರೆ ಅವರು ಹಾಡುವುದನ್ನೇ ಬಿಡುತ್ತಾರೆ. ಎಷ್ಟು ಅಕ್ಷರ ಹಾಯಬೇಕು ಎಂಬುದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ. ಅಂದು ಯಾರು ಕೂತಿದ್ದಾರೆ, ಎಷ್ಟು ದಣಿದು ಬಂದಿದ್ದಾರೆ, ಮುದುಕರು ಎಷ್ಟು, ಹುಡುಗರು ಎಷ್ಟು ಎಂಬುದರ ಮೇಲೆ ಅದು ನಿಂತಿದೆ. ಶ್ರುತಿಯೂ ಹಾಗೆಯೇ. ತನ್ನ ದನಿ ಎತ್ತರದಲ್ಲಿ ಹೊಳೆಯುತ್ತದೆಂದು ಗೊತ್ತಿದ್ದರೂ ಬಲ್ಲವನು ಪೇಟಿಯಲ್ಲಿ ಒಂದು ಮನೆ ಕೆಳಗೇ ಹಿಡಿಯುತ್ತಾನೆ. ಮೇಲಿನ ಸ್ವರಕ್ಕೆ ಹಿಂದಿನವರ ದನಿ ಒಡೆಯಬಾರದು ಎಂಬುದಷ್ಟೇ ಅವನ ಲೆಕ್ಕ. ಕೊನೆಯ ನುಡಿಯಲ್ಲಿ ಅಂಕಿತ ಬಂದ ಮೇಲೆ ಲಯ ಏರುತ್ತದೆ, ಪಲ್ಲ ಇಮ್ಮಡಿ ವೇಗಕ್ಕೆ ಹೋಗುತ್ತದೆ. ಆ ಹೊತ್ತಿಗೆ ಅವನು ಹೆಚ್ಚುಕಡಿಮೆ ಹಾಡುವುದನ್ನೇ ನಿಲ್ಲಿಸಿ ತಾಳ ಮಾತ್ರ ಹಿಡಿದಿರುತ್ತಾನೆ. ತನ್ನ ದನಿ ಇಲ್ಲದೆಯೂ ಪದ ನಡೆಯುವ ಹಾಗೆ ಮಾಡಿದನೋ ಇಲ್ಲವೋ ಎಂಬುದೇ ಅವನಿಗಿರುವ ಪರೀಕ್ಷೆ. ಈ ಮಾನದಂಡವನ್ನು ಯಾವ ಗಾಯಕನಿಗೂ ನಾವು ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಗಾಯಕನ ಮಾನದಂಡವನ್ನು ಇವನಿಗೆ ಹಾಕುವುದು ಮಾತ್ರ ನಡೆದೇ ಇದೆ.

ಈಗ ಗವಾಯಿಯ ವಚನಕ್ಕೆ ಬರೋಣ. ವಚನ ಗದ್ಯ, ಅದಕ್ಕೆ ಪಲ್ಲವಿಲ್ಲ. ಕಛೇರಿಯಲ್ಲಿ ಮೊದಲ ಸಾಲನ್ನೇ ಸ್ಥಾಯಿ ಮಾಡಿಕೊಂಡು, ಅದಕ್ಕೆ ಮರಳಿ ಮರಳಿ ಬರುತ್ತ, ಉಳಿದ ಸಾಲುಗಳನ್ನು ಅಂತರಾದ ಹಾಗೆ ಬಿಡಿಸುತ್ತಾರೆ. ವಚನದ ಕಟ್ಟಡವೋ ಇದರ ಉಲ್ಟಾ. ಅದರ ತೂಕವೆಲ್ಲ ಕೊನೆಗೆ, ಅಂಕಿತದ ಅಕ್ಕಪಕ್ಕ ಇರುತ್ತದೆ. ಮೊದಲ ಸಾಲು ಎಷ್ಟೋ ಸಲ ಮುಂದೆ ಮುರಿಯಲಿಕ್ಕೆಂದೇ ಇಟ್ಟ ಸಾಲು. ಶಿವ ನಾದಕ್ಕೂ ಒಲಿಯುವವನಲ್ಲ, ವೇದಕ್ಕೂ ಒಲಿಯುವವನಲ್ಲ, ಭಕ್ತಿಗೆ ಮಾತ್ರ ಒಲಿಯುವವನು ಎಂದು ರಾವಣನ ಉದಾಹರಣೆ ಕೊಟ್ಟು ವಾದಿಸುವ ಬಸವಣ್ಣನವರ ಪ್ರಸಿದ್ಧ ವಚನವನ್ನೇ ತೆಗೆದುಕೊಳ್ಳಿ. ಅದು ಶುರುವಾಗುವುದು ಲೋಕದವರ ಮಾತಿನಿಂದ, ಬಸವಣ್ಣನವರು ಒಪ್ಪದ ಮಾತಿನಿಂದ. ಆ ಸಾಲನ್ನು ಸ್ಥಾಯಿ ಮಾಡಿ ಹತ್ತು ಸಲ ಹಾಡಿದರೆ ಖಂಡಿಸಬೇಕಾದ ಮಾತೇ ಕೇಳುಗರ ತಲೆಯಲ್ಲಿ ಕೂರುತ್ತದೆ. ಅದೂ ಆಲಾಪ, ತಾನಗಳ ಸಮೇತ! ಮನಸೂರರಂಥ ಹಿರಿಯರ ಪ್ರತಿಭೆಯನ್ನು ಇಲ್ಲಿ ಯಾರೂ ಪ್ರಶ್ನಿಸಬೇಕಿಲ್ಲ. ಶಬ್ದದ ಮೇಲೆ ಅವರಿಗಿದ್ದ ಗೌರವ ಅವರ ಹಾಡಿಕೆಯಲ್ಲೇ ಕೇಳುತ್ತದೆ. ಪ್ರಶ್ನೆ ಇರುವುದು ರೂಪದ ಬಗ್ಗೆ. ಖ್ಯಾಲಿನ ರೂಪ ಕೇಳುಗನನ್ನು ಬೇಡುತ್ತದೆ, ಹಿಮ್ಮೇಳವನ್ನು ಬೇಡುವುದಿಲ್ಲ. ಆ ರೂಪದಲ್ಲಿ ಕೂರಿಸಿದ ವಚನ ಒಳ್ಳೆಯ ಸಂಗೀತ ಆಗಬಹುದು. ಅದನ್ನು ಸಮುದಾಯದ ಆರಾಧನೆ ಎಂದು ಕರೆಯುವುದು ಅತಿಯಾಯಿತು. ಭಜನೆಯವನು ಅದೇ ವಚನವನ್ನು ಪದದ ಮುಂಚೆ ತಾಳವಿಲ್ಲದೆ ಒಂದೇ ಓಟದಲ್ಲಿ ಹೇಳಿ ಅಂಕಿತದ ಮೇಲೆ ನಿಲ್ಲುತ್ತಾನಲ್ಲ, ವಚನದ ನಡೆಗೆ ಅದೇ ಹೆಚ್ಚು ಹತ್ತಿರ.

ಈ ಜಗಳದಲ್ಲಿ ಸಾಹಿತ್ಯದ ಪಂಡಿತರೂ ಪಾಲುದಾರರು. ತತ್ವಪದಗಳ ಸಂಪುಟಗಳು ಈಚಿನ ವರ್ಷಗಳಲ್ಲಿ ಸಾಲುಸಾಲಾಗಿ ಬಂದಿವೆ. ಆ ಶ್ರಮ ದೊಡ್ಡದು, ನಿಜ. ಆದರೆ ಸಂಪಾದಕರ ಟಿಪ್ಪಣಿಗಳಲ್ಲಿ ಒಂದು ಧಾಟಿ ಮತ್ತೆ ಮತ್ತೆ ಕಾಣುತ್ತದೆ: ಹಸ್ತಪ್ರತಿಯ ಪಾಠ ಶುದ್ಧ, ಭಜನೆಯವರ ಬಾಯಿಯ ಪಾಠ ಕೆಟ್ಟದ್ದು. ಭಜನೆಯವರು ಪದ ತಿರುಚುತ್ತಾರೆ, ನುಡಿಗಳ ಸರದಿ ಬದಲಿಸುತ್ತಾರೆ, ಒಬ್ಬರ ಅಂಕಿತವನ್ನು ಇನ್ನೊಬ್ಬರ ಪದಕ್ಕೆ ಹಚ್ಚುತ್ತಾರೆ ಎಂಬುದು ಆಪಾದನೆ. ಮೂರನೆಯದು ನಿಜವಾದ ತಪ್ಪು, ಅದಕ್ಕೆ ಸಮರ್ಥನೆ ಇಲ್ಲ. ಮೊದಲೆರಡರ ಮಾತು ಬೇರೆ. ಮುಂದಿನವನು ಒಂದು ನುಡಿ ಬಿಟ್ಟಾಗ ಮರೆತು ಬಿಟ್ಟನೋ, ಹಿಮ್ಮೇಳ ದಣಿದಿದೆಯೆಂದು ಬಿಟ್ಟನೋ ಎಂಬುದನ್ನು ಕಾಗದ ನೋಡಿ ಹೇಳಲಾಗದು. ಸಂಸ್ಕೃತದ ಗಡಸು ಸಮಾಸವೊಂದು ಬಾಯಲ್ಲಿ ಎರಡಾಗಿ ಒಡೆದಿದ್ದರೆ ಅದು ಅಜ್ಞಾನವೇ ಆಗಿರಬೇಕಿಲ್ಲ. ದಮ್ಮಡಿಯ ಪೆಟ್ಟು ಬೀಳುವ ಕಡೆ ಹತ್ತು ಮಂದಿ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕಲ್ಲ. ಸಂಗೀತದವರು ಇವನನ್ನು ಅರ್ಧ ಗಾಯಕ ಎಂದರು, ಸಾಹಿತ್ಯದವರು ಕೆಟ್ಟ ಹಸ್ತಪ್ರತಿ ಎಂದರು. ಅವನು ಮಾಡುವ ಕೆಲಸವನ್ನು ಕೆಲಸವೆಂದು ನೋಡಿದವರು ಕಡಿಮೆ.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಹಣಮಪ್ಪನ ಗುಡಿಯ ಕಟ್ಟೆ ಎಲ್ಲರದೂ ಅಲ್ಲ. ಯಾವ ಕೇರಿಯವರು ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬುದು ಬಹಳ ಊರುಗಳಲ್ಲಿ ಬಹಳ ಕಾಲ ಗೊತ್ತಾಗಿಯೇ ಇತ್ತು. ಹೆಂಗಸರ ಸೋಬಾನೆ ಬೇರೆ ಕಡೆ, ಕೇರಿಯ ಭಜನೆ ಬೇರೆ ಗುಡಿಯಲ್ಲಿ. ಇತ್ತ ಗದುಗಿನ ಪುಣ್ಯಾಶ್ರಮ ಜಾತಿ ನೋಡದೆ ಕುರುಡ ಮಕ್ಕಳನ್ನು ತೆಗೆದುಕೊಂಡಿತು; ಪಂಚಾಕ್ಷರಿ ಗವಾಯಿಗಳ ತರುವಾಯ 1944ರಿಂದ 2010ರ ತನಕ ಪುಟ್ಟರಾಜ ಗವಾಯಿಗಳು ಅದನ್ನು ನಡೆಸಿದರು. ಭಿಕ್ಷೆಯೇ ಗತಿಯಾಗಿದ್ದವರ ಕೈಗೆ ವಿದ್ಯೆ ಕೊಟ್ಟರು. ಶ್ರಾವಣದ ಪುರಾಣ ಪ್ರವಚನಗಳಲ್ಲಿ ಸ್ವಾಮಿಗಳ ಪಕ್ಕ ಕೂತು ಹಾಡುವ ಎಷ್ಟೋ ಗವಾಯಿಗಳು ಆ ಗುರುಕುಲದವರು. ಇದರ ಮುಂದೆ ಭಜನಾ ಮೇಳ ತನ್ನ ಔದಾರ್ಯ ಕೊಚ್ಚಿಕೊಳ್ಳುವ ಹಾಗಿಲ್ಲ, ಒಪ್ಪಲೇಬೇಕು. ಆದರೆ ಆ ಗುರುಕುಲದ ಬಾಗಿಲು ತೆರೆದದ್ದು ಗಾಯಕನಾಗುವವನಿಗೆ. ಪ್ರವಚನದ ಪೆಂಡಾಲಿನಲ್ಲಿ ಕೂತ ಸಾವಿರ ಮಂದಿಗೆ ಅದು ಹಾಡುವ ಹಕ್ಕು ಕೊಡಲಿಲ್ಲ, ಕೇಳುವ ಭಾಗ್ಯ ಕೊಟ್ಟಿತು. ಕಟ್ಟೆಯ ಮೇಲಿನ ಅನ್ಯಾಯವೂ ಹಾಡಿನ ರೂಪದಿಂದ ಬಂದದ್ದಲ್ಲ. ಮುಂದೊಬ್ಬ, ಹಿಂದೆ ನಾಲ್ವರು ಎಂಬ ಅದೇ ರೂಪದಲ್ಲಿ ಕೇರಿಯವರೂ ಹಾಡಿದರು, ಸೋಬಾನೆಯಲ್ಲಿ ಸೊಲ್ಲೆತ್ತುವ ಹೆಂಗಸರೂ ಹಾಡಿದರು, ಚೌಡಿಕೆ ಹಿಡಿದ ಜೋಗತಿಯರೂ ಹಾಡಿದರು.

ಇನ್ನು, ಭಜನೆಯವರು ಬೇಸುರವಾಗಿ ಹಾಡುತ್ತಾರೆ ಎಂಬ ದೂರು. ಈ ದೂರು ನಮ್ಮಲ್ಲಷ್ಟೇ ಹುಟ್ಟಿದ್ದಲ್ಲ. 1720ರ ದಶಕದಲ್ಲಿ ಅಮೆರಿಕದ ಬಾಸ್ಟನ್ ಸೀಮೆಯ ಚರ್ಚುಗಳಲ್ಲಿ ಒಬ್ಬನು ಸಾಲು ಹೇಳಿಕೊಡುವುದು, ಸಭೆ ತನಗೆ ತೋಚಿದ ಹಾಗೆ ಎಳೆದು ಹಾಡುವುದು ರೂಢಿಯಲ್ಲಿತ್ತು. ಕಲಿತ ಪಾದ್ರಿಗಳು ಇದನ್ನು ಗದ್ದಲ ಎಂದು ಜರೆದು, ಸ್ವರಲಿಪಿ ನೋಡಿ ಹಾಡುವ ಶಾಲೆಗಳನ್ನು ತೆಗೆದರು. ಶಾಲೆಗಳಿಂದ ಚೊಕ್ಕಟವಾಗಿ ಹಾಡುವ ತಂಡಗಳು ಬಂದವು, ತಂಡಗಳು ಚರ್ಚಿನಲ್ಲಿ ಬೇರೆ ಜಾಗ ಹಿಡಿದು ಕೂತವು, ಸಾಲು ಹೇಳಿಕೊಡುವವನ ಕೆಲಸ ಹೋಯಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಂಥ ಕೆಲವು ಕಡೆ ಮಾತ್ರ ಹಳೆಯ ಪದ್ಧತಿ ಉಳಿಯಿತು. ಈಗ ಅದನ್ನು ಕೇಳಲು ದೂರದಿಂದ ಸಂಗೀತಶಾಸ್ತ್ರಜ್ಞರು ಹೋಗುತ್ತಾರೆ.

ನಮ್ಮ ಭಜನಾ ಸ್ಪರ್ಧೆಗಳು ಅದೇ ಹಾದಿಯಲ್ಲಿವೆ. ತಂಡಕ್ಕೆ ಇಷ್ಟೇ ಮಂದಿ, ಇಷ್ಟೇ ನಿಮಿಷ, ಒಂದೇ ಬಣ್ಣದ ಅಂಗಿ. ಅಂಕ ಕೊಡುವುದು ಶ್ರುತಿ, ತಾಳ, ಉಚ್ಚಾರಕ್ಕೆ. ಮುಂದಿನವನು ಸಾಲನ್ನು ಮುಕ್ಕಾಲಿಗೆ ಬಿಟ್ಟರೆ ತೀರ್ಪುಗಾರರು ಉಸಿರು ಸಾಲಲಿಲ್ಲವೆಂದು ಅಂಕ ಕಳೆಯಬಹುದು, ಸಾಲುಗಳು ಹಾಯ್ದರೆ ಹೊಂದಾಣಿಕೆ ಇಲ್ಲವೆಂದು ಕಳೆಯಬಹುದು. ಎದುರಿಗೆ ಕೂತ ಊರವರು ತಾವೂ ದನಿಗೂಡಿಸಿದರೆ ಧ್ವನಿವರ್ಧಕದವನಿಗೆ ತಲೆನೋವು, ಸಂಘಟಕರು ಶಾಂತವಾಗಿರಿ ಎಂದು ಮೈಕಿನಲ್ಲಿ ಹೇಳುತ್ತಾರೆ. ಇಂಥ ಸ್ಪರ್ಧೆಗೆ ತಯಾರಾದ ಹುಡುಗ ಊರಿಗೆ ಮರಳಿ ಶ್ರಾವಣದಲ್ಲಿ ಪೇಟಿಯ ಮುಂದೆ ಕೂತಾಗ ತನ್ನ ದನಿ ಹೊಳೆಯುವ ಶ್ರುತಿಯನ್ನೇ ಹಿಡಿಯುತ್ತಾನೆ. ಅವನಿಗೆ ಕಲಿಸಿದ್ದೇ ಅದನ್ನು. ಹಿಂದಿನವರು ಎರಡು ಪದದ ತನಕ ಮೇಲಕ್ಕೆ ಚಾಚಿ ನೋಡಿ, ಮೂರನೆಯದಕ್ಕೆ ತಾಳ ಮಾತ್ರ ಹೊಡೆಯುತ್ತ ಕೂರುತ್ತಾರೆ.