ಬ್ರೇಕ್ ತೆಗೆದರೂ ಓಡದ ಗಾಡಿ

ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಬ್ರೇಕ್ ತೆಗೆದರೆ ಅವೇ ಕ್ಯಾನ್ಸರಿನ ಮೇಲೆ ಬೀಳುತ್ತವೆ ಎಂದು ತೋರಿಸಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಹೀಗೆ ಬ್ರೇಕ್ ತೆಗೆಯುವ ಮದ್ದು ಜೀವ ಉಳಿಸಿದೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಸೋತಿದೆ. ಅಂಥದೇ ಮದ್ದಾದ ಇಪಿಲಿಮುಮ್ಯಾಬ್ ಕುರಿತು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 799 ರೋಗಿಗಳಿದ್ದರು. ಮದ್ದು ಪಡೆದವರ ಬದುಕಿನ ಮಧ್ಯಾಂಕ 11.2 ತಿಂಗಳು, ಹುಸಿಮದ್ದು ಪಡೆದವರದು 10.

ಬ್ರೇಕ್ ಎಂಬ ಹೋಲಿಕೆ ಇಲ್ಲಿ ಸಾಲದು. ಈ ಕ್ಯಾನ್ಸರಿನ ಕೋಶಗಳಲ್ಲಿ ರೂಪಾಂತರಗಳು ಕಡಿಮೆ, ಹಾಗಾಗಿ ಟಿ ಕೋಶಕ್ಕೆ ಗುರುತು ಹಿಡಿಯಲು ಹೆಚ್ಚೇನೂ ಸಿಗದು. ಸಿಗುವುದನ್ನು ಎತ್ತಿ ತೋರಿಸುವ ಎಂಎಚ್‌ಸಿ ಅಣುಗಳನ್ನೂ ಎಷ್ಟೋ ಗಡ್ಡೆಗಳು ಅಡಗಿಸುತ್ತವೆ. ರೋಗ ಮೂಳೆಗೆ ಇಳಿದಾಗ ಸಂಗತಿ ಇನ್ನೂ ಬಿಗಡಾಯಿಸುತ್ತದೆ: ಮೂಳೆ ಸವೆದಂತೆ ಅದರೊಳಗೆ ಕೂಡಿಟ್ಟಿದ್ದ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಹೊರಬಿದ್ದು, ಹೋರಾಡಬೇಕಾದ ಟಿ ಕೋಶಗಳನ್ನು ಬೆಳೆಯಗೊಡುವುದಿಲ್ಲ.

2010ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ರೊವೆಂಜ್ ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ ಬೇರೆ ದಾರಿ ಹಿಡಿಯಿತು. ರೋಗಿ ಮೂರು-ನಾಲ್ಕು ಗಂಟೆ ಯಂತ್ರದ ಪಕ್ಕ ಕೂರುತ್ತಾನೆ. ರಕ್ತದಿಂದ ಬಿಳಿಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಪಿಎಪಿ ಎಂಬ ಪ್ರೋಟೀನಿನ ಪರಿಚಯ ಮಾಡಿಸಿ, ಸುಮಾರು ಮೂರು ದಿನದ ಮೇಲೆ ಮೈಗೆ ಮರಳಿಸುತ್ತಾರೆ. ಹೀಗೆ ಮೂರು ಸಲ. ಆಗಿನ ಬೆಲೆ 93,000 ಡಾಲರ್. 512 ಜನರ ಪ್ರಯೋಗದಲ್ಲಿ ಆಯುಷ್ಯದ ಮಧ್ಯಾಂಕ ಹೆಚ್ಚಿದ್ದು 4.1 ತಿಂಗಳು, ರೋಗ ಹಬ್ಬುವ ವೇಗವೇನೂ ತಗ್ಗಲಿಲ್ಲ.

ಆ ನಾಲ್ಕು ತಿಂಗಳನ್ನು ನಾನು ಹಗುರವಾಗಿ ಕಾಣಲಾರೆ. ಮೊಮ್ಮಗಳ ಮದುವೆ ಕಾಯುತ್ತಿರುವ ಅಜ್ಜನಿಗೆ ಅದು ದೊಡ್ಡದು. ಆದರೂ ನನ್ನ ತಕರಾರು ಉಳಿಯುತ್ತದೆ. ಹೊರಗೆ ತರಬೇತಾದ ಕೋಶ ಒಳಗೆ ಹೋಗಿ ಸೇರುವುದು ಅದೇ ಕೆಟ್ಟ ವಾತಾವರಣವನ್ನು. ಗುರಿಯಾಗಿಸಿಕೊಂಡ ಪಿಎಪಿಯೇ ಅಡಿನೋಸಿನ್ ತಯಾರಿಸಬಲ್ಲ ಕಿಣ್ವ. ಅಡಿನೋಸಿನ್ ಟಿ ಕೋಶಗಳನ್ನು ಮಂಕಾಗಿಸುತ್ತದೆ. ಸುತ್ತಣ ನೆಲವನ್ನು ಹಸನು ಮಾಡದೆ ಸೈನಿಕರನ್ನು ಕಳಿಸುವ ಚಿಕಿತ್ಸೆ ಅರ್ಧ ಚಿಕಿತ್ಸೆ.

ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಂಥ ಚಿಕಿತ್ಸೆ, ಅಂದರೆ ಇಮ್ಯುನೊಥೆರಪಿ, ಫಲಿಸುವ ರೋಗಿಗಳು ಇಲ್ಲವೆಂದಲ್ಲ. ನೂರಕ್ಕೆ ಸುಮಾರು ಮೂವರಲ್ಲಿ ಡಿಎನ್‌ಎ ದುರಸ್ತಿಯ ದೋಷದಿಂದ ರೂಪಾಂತರಗಳು ರಾಶಿ ಬೀಳುತ್ತವೆ, ಅವರಲ್ಲಿ ಹಲವರಿಗೆ ಬ್ರೇಕ್ ತೆಗೆಯುವ ಇನ್ನೊಂದು ಮದ್ದಾದ ಪೆಂಬ್ರೊಲಿಝುಮ್ಯಾಬ್ ಚೆನ್ನಾಗಿ ಒಗ್ಗುತ್ತದೆ. ಅವರನ್ನು ಗುರುತಿಸುವುದು ಎಂಎಸ್‌ಐ ಪರೀಕ್ಷೆ. ಮನೆಯಲ್ಲಿ ಯಾರಿಗಾದರೂ ಈ ದುಬಾರಿ ಮದ್ದಿನ ಮಾತು ಬಂದರೆ, ಹೊಲ ಮಾರುವ ಮುನ್ನ ಡಾಕ್ಟರನ್ನು ಕೇಳಿ: ಎಂಎಸ್‌ಐ ಪರೀಕ್ಷೆ ಆಗಿದೆಯೇ?