ಸ್ವಂತ ತಪ್ಪಿನ ಆಟ

ಕವಿತೆಗೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು. ಮೊಬೈಲಿನಲ್ಲಿ ಚದುರಂಗ ಆಡುವ ಹವ್ಯಾಸಿಯ ಆಟಕ್ಕೂ ವಿಮರ್ಶೆ ಬೇಕೆ ಎಂದು ಕೇಳುವವರಿರಬಹುದು. ಬೇಕು ಎಂದೇ ನನ್ನ ಎಣಿಕೆ. ನಮ್ಮ ತಿಪ್ಪಸಂದ್ರದ ಹುಡುಗ ಈಗ ಒಳ್ಳೆಯ ಎದುರಾಳಿಗಾಗಿ ಮಾಗಡಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಾಗಿಲ್ಲ. ಜಗಲಿಯ ಮೇಲೆ ಕೂತು, ಹತ್ತು ನಿಮಿಷದ ಗಡಿಯಾರ ಇಟ್ಟುಕೊಂಡು, ಮುಖ ಕಾಣದ ಯಾರೊಂದಿಗೋ ಆಡುತ್ತಾನೆ. ಗೆದ್ದರೆ ಅವನ ಹೆಸರಿನ ಮುಂದಿನ ಅಂಕಿ ಏರುತ್ತದೆ, ಸೋತರೆ ಇಳಿಯುತ್ತದೆ. ಊರಿನಲ್ಲಿ ಮಾತಾಗುವುದು ಆ ಅಂಕಿಯೊಂದೇ.

ಆದರೆ ಇಂಥ ಆಟದಲ್ಲೂ ಒಂದು ಶೈಲಿ ಇರುತ್ತದೆ, ಮತ್ತು ಅದು ಹೆಚ್ಚಾಗಿ ತಪ್ಪುಗಳಲ್ಲೇ ಕಾಣುತ್ತದೆ. ಒಬ್ಬ ಎರಡನೆಯ ನಡೆಗೇ ಮಂತ್ರಿಯನ್ನು ಹೊರತಂದು, ನಾಲ್ಕನೆಯ ನಡೆಗೆ ಆಟ ಮುಗಿಸುವ ಆಸೆಪಡುತ್ತಾನೆ. ಎದುರಾಳಿ ತನ್ನ ಕುದುರೆಗಳನ್ನು ಬಿಟ್ಟು ಆ ಮಂತ್ರಿಯನ್ನೇ ಅಟ್ಟತೊಡಗಿದಾಗ ಇವನ ಉಳಿದ ಕಾಯಿಗಳೆಲ್ಲ ಮನೆಯಲ್ಲೇ ಮಲಗಿರುತ್ತವೆ. ಇನ್ನೊಬ್ಬ ರಾಜನ ಮುಂದೆ ಕಾಲಾಳುಗಳ ಗೋಡೆ ಕಟ್ಟಿ, ಹೊರಗೆ ತಲೆ ಹಾಕುವುದೇ ಇಲ್ಲ. ಮೊದಲನೆಯವನದು ಆತುರ, ಎರಡನೆಯವನದು ಅಂಜಿಕೆ. ಅಂಕಿ ಇದನ್ನು ತಿಳಿಸುವುದಿಲ್ಲ, ನಡೆಗಳನ್ನು ಓದಬೇಕು.

ಈ ಮಾತಿಗೆ ತಕ್ಕ ಪ್ರಸಂಗವೊಂದು 2021ರಲ್ಲಿ ನಡೆಯಿತು. ಜೂನ್ 13ರಂದು, ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲೆಂದು, ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ವಿಶ್ವನಾಥನ್ ಆನಂದ್ ಅಂತರ್ಜಾಲದಲ್ಲಿ ಹಲವು ಹೆಸರಾಂತ ಹವ್ಯಾಸಿಗಳೊಂದಿಗೆ ಆಡಿದರು. ನಮ್ಮ ಚಿತ್ರನಟ ಸುದೀಪ್ ಆಡಿದರು, ಸೋತರು. ಆಮಿರ್ ಖಾನ್ ಕೂಡ ಸೋತರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಗೆದ್ದರು. ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ನೆರವು ತಮಗಿತ್ತೆಂದು ಮರುದಿನ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಆನಂದ್ ಅದನ್ನು ಹೆಚ್ಚು ಎಳೆಯಲಿಲ್ಲ. ತಾನು ಮಣೆಯ ಮೇಲಿದ್ದುದನ್ನು ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಮಾತು ಹೇಳಿ ಸುಮ್ಮನಾದರು.

ಒಳ್ಳೆಯ ಕೆಲಸಕ್ಕಾಗಿ ನಡೆದ ವಿನೋದದ ಆಟ, ಅದಕ್ಕೇಕೆ ಇಷ್ಟು ಮಾತು ಎನ್ನಬಹುದು. ಕ್ಷಮೆ ಕೇಳಿದವರನ್ನು ಮತ್ತೆ ಕಟಕಟೆಗೆ ಎಳೆಯುವ ಉದ್ದೇಶ ನನಗೂ ಇಲ್ಲ. ನನ್ನ ತೊಡಕು ವಿಮರ್ಶೆಯದು. ಆ ಗೆಲುವಿನಲ್ಲಿ ಆತುರ ಯಾರದು, ಅಂಜಿಕೆ ಯಾರದು ಎಂದು ಹುಡುಕಹೋದರೆ ಆಟಗಾರನೇ ಸಿಕ್ಕುವುದಿಲ್ಲ. 1997ರಲ್ಲೇ ಕ್ಯಾಸ್ಪರೋವ್‌ರನ್ನು ಸೋಲಿಸಿದ್ದು ಕಂಪ್ಯೂಟರು. ಅದು ಹೇಳಿದ ನಡೆ ಇಟ್ಟರೆ ಆನಂದರು ಸೋಲುವುದರಲ್ಲಿ ಸೋಜಿಗವೇನು? ಸುದೀಪರ ಸೋಲು ಮಾತ್ರ ಸುದೀಪರದೇ. ಅದನ್ನು ನಾಲ್ಕು ಜನರೆದುರು ಹೊರುವುದಕ್ಕೂ ಗಟ್ಟಿತನ ಬೇಕು.

ಹವ್ಯಾಸಿಯ ಛಲ ಶುರುವಾಗುವುದು ಅಲ್ಲಿಂದಲೇ. ಮಂತ್ರಿಯನ್ನು ಕಳೆದುಕೊಂಡ ಮೇಲೂ ಆಡುವವನಿಗೆ ಎರಡು ಆಸರೆಗಳಿವೆ: ಎದುರಾಳಿಯ ಗಡಿಯಾರ ಮತ್ತು ಎದುರಾಳಿಯ ಮೈಮರೆವು. ಚೆಕ್ ಕೊಡದೆಯೇ ಒಂಟಿ ರಾಜನಿಗೆ ಹೆಜ್ಜೆಯಿಡಲು ಮನೆಯೇ ಇಲ್ಲದಂತೆ ಮಾಡಿಬಿಟ್ಟರೆ ಆಟ ಸಮ. ಕೈಗೆ ಬಂದ ಗೆಲುವು ಹೀಗೆ ಜಾರುವುದುಂಟು. ಆದರೆ ಸೋತ ಸಿಟ್ಟಿಗೆ ನಡುರಾತ್ರಿಯವರೆಗೆ ಒಂದರ ಮೇಲೊಂದು ಆಟ ಹಾಕುವುದನ್ನು ಛಲವೆನ್ನಲಾರೆ. ಅದು ಜೂಜುಕೋರನ ಹಠ. ಸೋತ ಆಟವನ್ನು ಬೆಳಿಗ್ಗೆ ತಣ್ಣಗೆ ತೆರೆದು, ಎಡವಿದ ಜಾಗ ಗುರುತಿಸಿಕೊಂಡು, ಮತ್ತೆ ಆಡಲು ಕೂರುವವನದು ಛಲ. ಆಗ ಕಂಪ್ಯೂಟರನ್ನು ಧಾರಾಳವಾಗಿ ಕೇಳಲಿ. ಆಟ ಮುಗಿದ ಮೇಲೆ ಅದು ಮೇಷ್ಟ್ರು. ಆಟದ ನಡುವೆ ಕಾಪಿ ಚೀಟಿ.

ಮಕ್ಕಳ ಲೆಕ್ಕದ ಪುಸ್ತಕ ತಿದ್ದುವ ನನಗೆ ಈ ವ್ಯತ್ಯಾಸ ದಿನವೂ ಕಾಣುತ್ತದೆ. ಕೂಡುವಾಗ ದಶಕ ಬಿಟ್ಟ ಮಗುವಿಗೆ ಏನು ಹೇಳಿಕೊಡಬೇಕೆಂದು ಆ ತಪ್ಪೇ ತೋರಿಸಿಕೊಡುತ್ತದೆ. ಪಕ್ಕದವನನ್ನು ನೋಡಿ ಸರಿಯುತ್ತರ ಬರೆದ ಮಗುವಿಗೆ ಎಲ್ಲಿಂದ ಶುರುಮಾಡಬೇಕೋ ನನಗೆ ತಿಳಿಯುವುದಿಲ್ಲ.