ಕಲ್ಲು, ಜರಿ, ಬಿಸಿಲು: ಕ್ಯಾಮೆರಾದ ಬಣ್ಣಗಳನ್ನು ಸವಿಯುವ ಬಗೆ

ಡಿಜಿಟಲ್ ಕ್ಯಾಮೆರಾದ ಮೆನು ತೆರೆದರೆ ಸ್ಟ್ಯಾಂಡರ್ಡ್, ವಿವಿಡ್, ನ್ಯೂಟ್ರಲ್, ಪೋರ್ಟ್ರೇಟ್, ಮಾನೊಕ್ರೋಮ್ ಎಂಬ ಬಣ್ಣದ ಪ್ರೊಫೈಲುಗಳು ಸಿಗುತ್ತವೆ. ಕ್ಯಾನನ್ 2005ರಲ್ಲಿ ಇವಕ್ಕೆ ಪಿಕ್ಚರ್ ಸ್ಟೈಲ್ ಎಂದು ಹೆಸರಿಟ್ಟಿತು, ನಿಕಾನ್ 2007ರಲ್ಲಿ ಪಿಕ್ಚರ್ ಕಂಟ್ರೋಲ್ ಎಂದಿತು. ಫ್ಯೂಜಿಫಿಲ್ಮ್ ತನ್ನ ಫಿಲ್ಮ್ ರೋಲುಗಳ ಹೆಸರನ್ನೇ ಉಳಿಸಿಕೊಂಡಿತು: ಪ್ರೊವಿಯಾ, ವೆಲ್ವಿಯಾ, ಆಸ್ಟಿಯಾ. ಬಹಳ ಮಂದಿ ಸ್ಟ್ಯಾಂಡರ್ಡ್‌ನಲ್ಲಿಟ್ಟು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಅದರಿಂದ ಒಂದು ದೊಡ್ಡ ಸುಖ ಕೈತಪ್ಪುತ್ತದೆ. ನೆರಳು ಎಷ್ಟು ಕಪ್ಪಾಗಬೇಕು, ಕೆಂಪು ಎಷ್ಟು ಏರಬೇಕು ಎಂಬ ಬಗ್ಗೆ ಒಂದೊಂದು ಪ್ರೊಫೈಲಿಗೂ ಒಂದೊಂದು ಅಭಿಪ್ರಾಯವಿದೆ. ಬೆಳಕು ಬದಲಾದರೆ ಆ ಅಭಿಪ್ರಾಯದ ಬೆಲೆಯೂ ಬದಲಾಗುತ್ತದೆ. ಮಲೆನಾಡಿನ ಮಬ್ಬು ಹಸಿರಿಗೆ ಒಗ್ಗಿದ ಕಣ್ಣಿಗೆ ಇದನ್ನು ಕಲಿಸಲು ಗುಜರಾತಿನ ಒಣ ಬಿಸಿಲಿನಷ್ಟು ಒಳ್ಳೆಯ ಗುರು ಇಲ್ಲ.

ಹೊರಡುವ ಮೊದಲು ಎರಡು ಸಿದ್ಧತೆ. ಜೆಪೆಗ್ ಜೊತೆಗೆ ರಾ ಕೂಡ ದಾಖಲಾಗುವಂತೆ ಮಾಡಿ. ಪ್ರೊಫೈಲು ಜೆಪೆಗ್‌ಗೆ ಮಾತ್ರ ಅಂಟುತ್ತದೆ, ರಾದಲ್ಲಿರುವ ಮೂಲ ಮಾಹಿತಿಯನ್ನು ಮುಟ್ಟುವುದಿಲ್ಲ. ಹೊರಾಂಗಣದಲ್ಲಿ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಡೇಲೈಟ್‌ಗೆ ಕಟ್ಟಿಹಾಕಿ. ಇಲ್ಲದಿದ್ದರೆ ಬಣ್ಣ ಬದಲಿಸಿದ್ದು ಪ್ರೊಫೈಲೋ ಆಟೋನೋ ತಿಳಿಯುವುದಿಲ್ಲ.

ಅಹಮದಾಬಾದಿನ ಲಾಲ್ ದರ್ವಾಜಾ ಬಳಿಯ ಸಿದಿ ಸೈಯದ್ ಮಸೀದಿಯಿಂದ ಶುರುಮಾಡಿ. 1572-73ರ ಕಟ್ಟಡ, ಕೊಂಬೆಗಳು ಹೆಣೆದುಕೊಂಡ ಮರವನ್ನು ಕೆತ್ತಿದ ಕಲ್ಲಿನ ಜಾಲಿ ಅದರ ಪಶ್ಚಿಮ ಗೋಡೆಯಲ್ಲಿದೆ. ಮಧ್ಯಾಹ್ನ ನೆತ್ತಿಯ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುವಾಗ ವಿವಿಡ್‌ನಲ್ಲಿ ತೆಗೆದು ನೋಡಿ: ಪ್ರತಿ ಬಳ್ಳಿಯ ಮೇಲಂಚು ಬೆಳ್ಳಗೆ ಹಾರಿಹೋಗುತ್ತದೆ, ಕೆಳಗಿನದು ಕಪ್ಪಾಗಿ ಮುಚ್ಚಿಕೊಳ್ಳುತ್ತದೆ, ಕಲ್ಲಿನ ದಪ್ಪವೇ ಕಾಣೆಯಾಗುತ್ತದೆ. ನ್ಯೂಟ್ರಲ್‌ಗೆ ಬದಲಿಸಿದರೆ ಬಳ್ಳಿಯ ದುಂಡುತನ ಮರಳಿ ಬರುತ್ತದೆ, ಉಳಿಯ ಗುರುತು ಕೂಡ. ಸಂಜೆ ಮತ್ತೆ ಅಲ್ಲಿಗೇ ಹೋಗಿ. ತಗ್ಗಿದ ಬಿಸಿಲು ನೇರ ಜಾಲಿಗೆ ಬೀಳುತ್ತಿರುತ್ತದೆ. ಈಗ ನ್ಯೂಟ್ರಲ್ ಸಪ್ಪೆ, ಸ್ಟ್ಯಾಂಡರ್ಡ್ ಸರಿ, ವಿವಿಡ್ ಕೂಡ ತಡೆದೀತು. ಈ ವ್ಯತ್ಯಾಸವನ್ನು ಸ್ವಂತ ಕಣ್ಣಿನಿಂದ ಕಂಡವರಿಗೆ ಮುಂದಿನ ಪಾಠವೆಲ್ಲ ಸಲೀಸು.

ಊರಿನ ಉತ್ತರಕ್ಕಿರುವ ಅಡಾಲಜ್ ಮೆಟ್ಟಿಲುಬಾವಿ 1499ರದು, ಐದು ಅಂತಸ್ತು ಆಳ. ಅಲ್ಲಿ ಬಿಸಿಲು ಕೆಳಗಿಳಿಯುತ್ತ ಕಲ್ಲಿನಿಂದ ಕಲ್ಲಿಗೆ ಬಡಿದು ಜೇನಿನ ಬಣ್ಣ ತಾಳುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಈ ಕಾವನ್ನು ಒರೆಸಿಹಾಕಿಬಿಡಬಹುದು. ಡೇಲೈಟ್ ಅದನ್ನು ಉಳಿಸುತ್ತದೆ. ಇಲ್ಲಿ ನಾನು ನ್ಯೂಟ್ರಲ್ ಬಿಟ್ಟು ಕದಲುವುದಿಲ್ಲ, ಕಂಬಗಳ ಕೆತ್ತನೆ ಕತ್ತಲಲ್ಲಿ ಮುಳುಗಬಾರದು.

ಸೂರತ್ತಿನ ರಿಂಗ್ ರೋಡಿನ ಜವಳಿ ಮಾರ್ಕೆಟ್ಟಿನಲ್ಲಿ ಸೂರ್ಯನಿಗೆ ಕೆಲಸವಿಲ್ಲ, ಎಲ್ಲ ಎಲ್‌ಇಡಿ. ಡೇಲೈಟ್ ಇಲ್ಲಿ ನಡೆಯದು. ಅಂಗಡಿಯವರನ್ನು ಕೇಳಿ ಒಂದು ಬಿಳಿ ಬಟ್ಟೆ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿ. ಆಮೇಲೆ ರಾಣಿ ಬಣ್ಣದ, ಜರಿಯಂಚಿನ ಸೀರೆಯ ಸೆರಗನ್ನು ವಿವಿಡ್‌ನಲ್ಲಿ ತೆಗೆಯಿರಿ. ಮಡಿಕೆಗಳೆಲ್ಲ ಅಳಿಸಿ ಒಂದೇ ಗುಲಾಬಿ ಹಲಗೆಯಾದಂತೆ ಕಂಡರೆ ಆರ್‌ಜಿಬಿ ಹಿಸ್ಟೋಗ್ರಾಂ ತೆರೆಯಿರಿ: ಕೆಂಪಿನ ರಾಶಿ ಬಲಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ. ನ್ಯೂಟ್ರಲ್‌ಗೆ ಬಂದು ಎಕ್ಸ್‌ಪೋಷರನ್ನು ತುಸು ತಗ್ಗಿಸಿದರೆ ಮಡಿಕೆಗಳು ಒಂದೊಂದಾಗಿ ಏಳುತ್ತವೆ, ಜರಿಯ ಹೊನ್ನು ಗುಲಾಬಿಯಿಂದ ಬೇರೆಯಾಗುತ್ತದೆ. ಈ ಊರಿನಲ್ಲಿ ಬಣ್ಣ ಏರಿಸುವ ಕೆಲಸವನ್ನು ಡೈಯಿಂಗ್ ಮಿಲ್ಲುಗಳು ಆಗಲೇ ಮುಗಿಸಿವೆ. ಕ್ಯಾಮೆರಾ ಅದನ್ನು ಕೆಡಿಸದಿದ್ದರೆ ಸಾಕು.

ವಡೋದರಾಕ್ಕೆ ಹೋದಾಗ ಮಾನೊಕ್ರೋಮ್ ಹಾಕಿ. ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಬೆಳೆದ ಜ್ಯೋತಿ ಭಟ್ ಹಳ್ಳಿಗಳ ಗೋಡೆಚಿತ್ರ, ರಂಗೋಲಿಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದಿಟ್ಟರು. ಬಣ್ಣದ ಕಲೆಯನ್ನು ಬಣ್ಣವಿಲ್ಲದೆ ಹೇಳುವ ಆ ಕಸುಬನ್ನು ಅವರ ಚಿತ್ರಗಳಲ್ಲಿ ನಿಧಾನವಾಗಿ ನೋಡಬೇಕು. ಬಹಳಷ್ಟು ಕ್ಯಾಮೆರಾಗಳ ಮಾನೊಕ್ರೋಮ್ ಒಳಗೆ ಹಳದಿ, ಕೆಂಪು, ಹಸಿರು ಫಿಲ್ಟರುಗಳಿವೆ. ಕೆಂಪು, ಹಸಿರು ಪುಡಿ ತುಂಬಿದ ರಂಗೋಲಿಯೊಂದನ್ನು ಫಿಲ್ಟರಿಲ್ಲದೆ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಆಗಿ ಕಲೆತುಹೋಗಬಹುದು. ಕೆಂಪು ಫಿಲ್ಟರಿನಲ್ಲಿ ಕೆಂಪು ದಳಗಳು ಬೆಳಗಿ ಹಸಿರೆಲೆಗಳು ಕಪ್ಪಾಗುತ್ತವೆ, ಹಸಿರು ಫಿಲ್ಟರಿನಲ್ಲಿ ತಿರುವುಮುರುವು. ರಾ ಇದ್ದರೆ ಕೋಣೆಗೆ ಮರಳಿದ ಮೇಲೂ, ಆ ಸೌಲಭ್ಯವಿರುವ ಕ್ಯಾಮೆರಾದಲ್ಲೇ ಮೂರನ್ನೂ ಮಾಡಿ ಅಕ್ಕಪಕ್ಕ ಇಟ್ಟು ನೋಡಬಹುದು.